ಹಿಂದಿನವನ ದೀಪ

"ಅಜ್ಜಾ, ಎಲ್ಲರಿಗಿಂತ ಹಿಂದೆ ಬಿದ್ದವನು ದಾರಿ ಬಿಟ್ಟು ಸರಿದರೆ ಮುಂದೆ ಹೋಗುವವರಿಗೆ ಹಗುರಾಗುವುದಿಲ್ಲವೇ?"

ಹೀಗೆ ಕೇಳಿದವನು ದ್ಯಾಮಣ್ಣ. ಮಠದಲ್ಲಿ ಪದ ಹಾಡಲು ಕಲಿಯುತ್ತಿದ್ದ ಏಳು ಜನರಲ್ಲಿ ಅವನೇ ಕೊನೆಯವನು. ಉಳಿದ ಆರು ಜನಕ್ಕೆ ನೂರಕ್ಕೂ ಹೆಚ್ಚು ಪದ ಬಾಯಿಗೆ ಬಂದಿದ್ದವು. ಅವನಿಗೆ ಮೂರು ವರ್ಷದಲ್ಲಿ ಹನ್ನೊಂದು ಬಂದಿದ್ದವು. ಅದರಲ್ಲಿಯೂ ಎರಡು ನಡುವೆ ಕೈಕೊಡುತ್ತಿದ್ದವು. ಅವನು ತಪ್ಪಿದಾಗಲೆಲ್ಲ ಆರೂ ಜನ ಹಾಡು ನಿಲ್ಲಿಸಿ ಮೊದಲಿನಿಂದ ಎತ್ತಿಕೊಳ್ಳಬೇಕಾಗುತ್ತಿತ್ತು. ಆ ದಿನ ಬೆಳಿಗ್ಗೆ ಅವನು ಕಂಬಳಿ, ತಾಳ, ಎರಡು ಅಂಗಿ ಸೇರಿಸಿ ಗಂಟು ಕಟ್ಟಿದ್ದ.

ಗುರು ಅಡಿವೆಪ್ಪಜ್ಜನವರು ಅಕ್ಷರ ಕಲಿತವರಲ್ಲ. ಗುರುವಾಗುವ ಮೊದಲು ಊರೂರಲ್ಲಿ ಮೋಟಾರ್ ಸೈಕಲ್ ರಿಪೇರಿ ಮಾಡಿದವರು. ಗಂಟನ್ನು ಅವರು ನೋಡಿದರು.

"ಕೂಡು," ಎಂದರು. "ಹಿಂದೊಮ್ಮೆ ಏಳು ಜನ ಗೆಳೆಯರು ಮೋಟಾರ್ ಸೈಕಲ್ ಹತ್ತಿ ಹಿಮದ ಬೆಟ್ಟಗಳಿಗೆ ಹೋದರು. ಮೂರು ಘಾಟಿ ದಾಟಬೇಕಿತ್ತು. ಮೂರನೆಯ ಘಾಟಿ ಎಷ್ಟು ಎತ್ತರವೆಂದರೆ, ಕಾಗೆ ಮೇಲೇರುವಾಗ ನಡುವೆ ಎರಡು ಸಲ ಕೂತು ಏದುಸಿರು ಬಿಡುತ್ತದೆ. ಒಂದು ಬೀಡಿ ಹೊತ್ತಬೇಕಾದರೆ ಮೂವರು ಊದಬೇಕು. ಅಲ್ಲಿ ಒಬ್ಬ ಸೀನಿದ್ದಕ್ಕೆ ಮೂರು ಗುಡ್ಡದ ಹಿಮ ಜಾರಿ ಬಿತ್ತು."

"ಹೋದ ಸಲ ಎರಡು ಗುಡ್ಡ ಅಂದಿದ್ರಿ, ಅಜ್ಜಾ."

"ನೀ ನಂಬಲಿಕ್ಕಿಲ್ಲ ಅಂತ ಒಂದು ಬಿಟ್ಟಿದ್ದೆ. ಈಗ ಕೇಳು."

ಗೆಳೆಯರ ಮುಂದಾಳು ಒಬ್ಬ ಪೈಲ್ವಾನ. ಎಲ್ಲರಿಗಿಂತ ಮುಂದೆ ಅವನ ಗಾಡಿ. ಎಲ್ಲರಿಗಿಂತ ಹಿಂದೆ ಒಬ್ಬ ದರ್ಜಿ. ಅವನದು ಹಳೆಯ ಗಾಡಿ, ಸಣ್ಣ ಜೀವ. ದರ್ಜಿಯ ಮುಂದೆ ಒಬ್ಬ ಗಾಡಿ ರಿಪೇರಿಯ ಮೇಸ್ತ್ರಿ. ಆ ಕಾಲದಲ್ಲಿ ಅಂಥ ಮೇಸ್ತ್ರಿ ಇನ್ನೊಬ್ಬನಿರಲಿಲ್ಲ. ಎಂಜಿನ್ನು ಒಮ್ಮೆ ಕೆಮ್ಮಿದರೆ ಸಾಕು, ಅದರ ಜಾತಕ ಹೇಳಿಬಿಡುತ್ತಿದ್ದ.

ಅವರಲ್ಲೊಂದು ಕಟ್ಟಳೆ ಇತ್ತು. ದಿನಾ ಬೆಳಿಗ್ಗೆ ಏಳು ಜನ ಪೈಲ್ವಾನನ ಗಾಡಿಯ ಪೆಟ್ರೋಲ್ ಟ್ಯಾಂಕಿನ ಮೇಲೆ ಕೈ ಇಟ್ಟು ಆಣೆ ಮಾಡುತ್ತಿದ್ದರು. ಹಗಲಿನಲ್ಲಿಯೂ ಎಲ್ಲರ ದೀಪ ಉರಿಯಬೇಕು. ಪ್ರತಿ ತಿರುವಿನಲ್ಲಿ ಒಬ್ಬೊಬ್ಬನೂ ನಿಲ್ಲಬೇಕು. ತನ್ನ ಹಿಂದಿನವನ ದೀಪ ತನ್ನ ಕನ್ನಡಿಯಲ್ಲಿ ಕಂಡ ಮೇಲೆಯೇ ಮುಂದೆ ಹೋಗಬೇಕು. ಕೊನೆಯವನ ಹಿಂದೆ ಯಾರೂ ಇಲ್ಲದ್ದರಿಂದ ದರ್ಜಿ ಎಲ್ಲಿಯೂ ನಿಲ್ಲಬೇಕಾಗಿರಲಿಲ್ಲ. ಹಾಗಾಗಿ ಕನ್ನಡಿಯಲ್ಲಿ ದೀಪಕ್ಕಾಗಿ ಕಾಯುವುದೆಂದರೆ ಏನೆಂದು ಅವನಿಗೆ ಗೊತ್ತಿರಲಿಲ್ಲ. ಅವನ ಗಾಡಿಯ ದೀಪದ ಮೇಲೆ ಮೂರು ದಿನದ ಕೆಸರು ಅಂಟಿತ್ತು. ಕೊನೆಯವನ ದೀಪ ಯಾರು ನೋಡುತ್ತಾರೆಂದು ಅವನು ಅದನ್ನು ಒರೆಸಿರಲಿಲ್ಲ.

ದರ್ಜಿಗೆ ಒಂದೇ ಆಸೆ. ಏಳು ಜನರ ಹಳೆಯ ಅಂಗಿಗಳಿಂದ ಒಂದೊಂದು ತುಂಡು ಕತ್ತರಿಸಿ ಅವನು ಒಂದು ನಿಶಾನೆ ಹೊಲಿದಿದ್ದ. ಮೂರನೆಯ ಘಾಟಿಯ ನೆತ್ತಿಯ ಮೇಲೆ ಅದನ್ನು ತನ್ನ ಕೈಯಾರೆ ಕಟ್ಟಬೇಕು.

ಎರಡು ಘಾಟಿ ದಾಟಿದರು. ಮೂರನೆಯದರ ಬುಡದಲ್ಲಿ ಒಂದು ಚಹಾದ ಡೇರೆ. ಡೇರೆಯ ಹೆಂಗಸು ಲೋಟ ಕೊಡುತ್ತ ಎಚ್ಚರ ಹೇಳಿದಳು. ಘಾಟಿಯ ಆಚೆ ಒಂದು ಹಳ್ಳ ಇದೆ. ಬಿಸಿಲೇರಿದಂತೆ ಹಿಮ ಕರಗಿ ಹಳ್ಳ ಏರುತ್ತದೆ. ಮಧ್ಯಾಹ್ನದೊಳಗೆ ದಾಟಿದರೆ ದಾಟಿದಿರಿ, ಇಲ್ಲದಿದ್ದರೆ ಆ ದಿನ ಹೋಯಿತು.

ಪೈಲ್ವಾನ ಆಕಾಶ ನೋಡಿದ. ಆಮೇಲೆ ದರ್ಜಿಯ ಗಾಡಿ ನೋಡಿದ.

"ಏನಪ್ಪಾ ದರ್ಜಿ, ನಿನ್ನ ಗಾಡಿ ಪೆಟ್ರೋಲ್ ಮೇಲೆ ಓಡ್ತದೋ, ಕಾಲಿನಲ್ಲಿ ತುಳೀತೀಯೋ?"

ಎಲ್ಲರೂ ನಕ್ಕರು. ದರ್ಜಿಯೂ ನಕ್ಕ. ಆದರೆ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟ. ಹೊರಡುವ ಮುಂಚೆ ಅವನು ನಿಶಾನೆಯನ್ನು ಮಡಿಸಿ ಮೇಸ್ತ್ರಿಯ ಕೈಗಿತ್ತ.

"ನೀವು ಮೊದಲು ಮುಟ್ಟಿದರೆ ಕಟ್ಟಿಬಿಡ್ರಿ."

"ಯಾಕೋ? ನಿನ್ನ ಕೈಗೇನಾಗಿದೆ?" ಎಂದ ಮೇಸ್ತ್ರಿ. ನಿಶಾನೆಯನ್ನು ಕೋಟಿನೊಳಗೆ ತುರುಕಿಕೊಂಡು ಗಾಡಿ ಹತ್ತಿದ. ಹೆಚ್ಚು ಕೇಳಲಿಲ್ಲ. ಎಂಜಿನ್ನಿನ ಜಾತಕ ಹೇಳುವವನಿಗೆ ಮನುಷ್ಯನ ಕೆಮ್ಮು ತಿಳಿಯಲಿಲ್ಲ.

ಏರು ಶುರುವಾಯಿತು. ನಾಲ್ಕು ತಿರುವು ಆಯಿತು. ಐದನೆಯ ತಿರುವಿನ ಕೆಳಗೆ ದರ್ಜಿ ಗಾಡಿ ನಿಲ್ಲಿಸಿದ. ಗಾಡಿ ಕೆಟ್ಟಿರಲಿಲ್ಲ. ಮೈಯಲ್ಲಿ ಶಕ್ತಿಯೂ ಇತ್ತು. 'ನಾನು ಸರಿದರೆ ಆರು ಜನ ಹಕ್ಕಿಯ ಹಾಗೆ ಹಾರಿ ಹೋದಾರು' ಎಂದುಕೊಂಡ. ಯಾರಿಗೂ ಹೇಳಲಿಲ್ಲ. ಹೇಳಿದರೆ ಬಿಡಲಾರರು. ಗಾಡಿ ತಿರುಗಿಸಿ, ದೀಪ ಆರಿಸಿ, ಸದ್ದಿಲ್ಲದೆ ಇಳಿಜಾರಿನಲ್ಲಿ ಇಳಿದುಬಿಟ್ಟ.

ಡೇರೆಗೆ ಬಂದು ಒಂದು ಮೂಲೆಯಲ್ಲಿ ಕೂತ. ಮೊದಲ ತಾಸು ಅವನ ಮನಸ್ಸು ಹಗುರಾಗಿತ್ತು. 'ಈಗ ಅವರು ನೆತ್ತಿ ಮುಟ್ಟಿರಬೇಕು' ಎಂದುಕೊಂಡ. ಎರಡನೆಯ ತಾಸಿನಲ್ಲಿ 'ಈಗ ನಿಶಾನೆ ಕಟ್ಟಿರಬೇಕು' ಎಂದುಕೊಂಡ. ಆಗ ತನ್ನ ಖಾಲಿ ಕೈ ನೋಡಿಕೊಂಡ. ಬಿಸಿಲು ನೆತ್ತಿಗೆ ಬಂದಾಗ 'ಹಳ್ಳ ದಾಟಿರಬೇಕು' ಎಂದು ಗಟ್ಟಿಯಾಗಿಯೇ ಹೇಳಿಕೊಂಡ.

"ಯಾರು ದಾಟಿದ್ದು?" ಎಂದಳು ಡೇರೆಯ ಹೆಂಗಸು. "ಅಲ್ಲಿ ನೋಡು."

ಬೆಟ್ಟದ ಮೇಲಿಂದ ಒಂದು ದೀಪ ಇಳಿಯುತ್ತಿತ್ತು. ಅದರ ಹಿಂದೆ ಇನ್ನೊಂದು. ದರ್ಜಿ ಎಣಿಸಿದ. ಆರು.

ಮೊದಲು ಬಂದವನು ಮೇಸ್ತ್ರಿ. ಅವನ ಮುಖ ಸುಣ್ಣದ ಹಾಗಾಗಿತ್ತು. ಐದನೆಯ ತಿರುವಿನಲ್ಲಿ ಅವನು ಹಿಂದಿನ ದೀಪಕ್ಕಾಗಿ ಕಾದಿದ್ದ. ದೀಪ ಬರಲಿಲ್ಲ. ಅವನು ಕದಲದ್ದರಿಂದ ಅವನ ಮುಂದಿನವನು ಕದಲಲಿಲ್ಲ. ಅವನು ಕದಲದ್ದರಿಂದ ಅವನ ಮುಂದಿನವನೂ ನಿಂತ. ಹೀಗೆ ಮೇಲಿನವರೆಗೆ ಎಲ್ಲರೂ ನಿಂತರು. ನೆತ್ತಿ ಕಣ್ಣಿಗೆ ಕಾಣುತ್ತಿದ್ದರೂ ಪೈಲ್ವಾನ ಗಾಡಿ ತಿರುಗಿಸಿದ. ಆರು ಜನ ತಿರುವು ತಿರುವಿನಲ್ಲಿ ಇಳಿದು, ಕಲ್ಲಿನ ಮೇಲೆ ಬೋರಲು ಮಲಗಿ, ಕೆಳಗಿನ ಪ್ರಪಾತದಲ್ಲಿ ದರ್ಜಿಯ ಅಂಗಿಯ ಬಣ್ಣ ಹುಡುಕಿದ್ದರು.

ಎಲ್ಲರಿಗಿಂತ ಕೊನೆಗೆ ಬಂದವನು ಪೈಲ್ವಾನ. ಗಾಡಿ ಇಳಿದು ನೇರ ದರ್ಜಿಯ ಎದುರಿಗೆ ಬಂದು ನಿಂತ.

"ಬಿದ್ದಿಲ್ಲ?"

"ಇಲ್ಲ."

"ಗಾಡಿ ಕೆಟ್ಟಿಲ್ಲ?"

"ಇಲ್ಲ, ಅಣ್ಣಾ. ನನ್ನಿಂದ ನಿಮಗೆ ತಡ ಆಗಬಾರದು ಅಂತ..."

ಪೈಲ್ವಾನ ಅವನ ಅಂಗಿಯ ಕೊರಳಪಟ್ಟಿ ಹಿಡಿದ. ಹೊಡೆಯುತ್ತಾನೆಂದೇ ಎಲ್ಲರೂ ತಿಳಿದರು. ಅವನು ಹಿಡಿದೇ ನಿಂತ, ಬಿಡಲಿಲ್ಲ.

"ನೀ ಹಿಂದಿದ್ದಾಗ ತಾಸಿಗೆ ಐದು ಮೈಲಿ ಹೋಗ್ತಿದ್ದೆವು. ನೀ ಇಳಿದು ಬಂದ ಮೇಲೆ ಒಂದು ಮಾರು ಸಹ ಹೋಗಲಿಲ್ಲ, ನೋಡು."

ಆ ದಿನ ಹಳ್ಳ ಏರಿತು. ಏಳೂ ಜನ ಡೇರೆಯಲ್ಲಿಯೇ ಉಳಿದರು. ದರ್ಜಿಯ ತಟ್ಟೆಗೆ ಪೈಲ್ವಾನ ತನ್ನ ಪಾಲಿನ ರೊಟ್ಟಿ ಹಾಕಿದ. ಬಾಯಿಯಿಂದ ಕ್ಷಮೆ ಕೇಳುವುದು ಪೈಲ್ವಾನನಿಗೆ ಬರುತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದವನು ದರ್ಜಿ. ಅಂಗಿಯ ಚುಂಗಿನಿಂದ ತನ್ನ ಗಾಡಿಯ ದೀಪದ ಗಾಜು ಒರೆಸಿದ. ಕೆಸರು ಹೋಗುವತನಕ ಒರೆಸಿದ. ಆಮೇಲೆ ಟ್ಯಾಂಕಿನ ಮೇಲೆ ಕೈ ಇಟ್ಟ. ಆ ದಿನವೂ ಅವನೇ ಕೊನೆಯವನು. ಅವನ ಗಾಡಿಯೇನೂ ಜೋರಾಗಲಿಲ್ಲ. ಆದರೆ ಪ್ರತಿ ತಿರುವಿನ ಕೆಳಗೆ ಬಂದಾಗ ಮೇಸ್ತ್ರಿಯ ಕನ್ನಡಿ ಒಮ್ಮೆ ಮಿಂಚುವುದನ್ನು ಅವನು ಕಂಡ. ಅದು ತನ್ನದೇ ಬೆಳಕು ಎಂದು ಅವನಿಗೆ ಆಗ ತಿಳಿಯಿತು.

ನೆತ್ತಿ ಮುಟ್ಟಿದಾಗ ಆರು ಜನ ಗಾಡಿ ಇಳಿದು ಚಳಿಯಲ್ಲಿ ನಿಂತಿದ್ದರು. ನಿಶಾನೆ ಇನ್ನೂ ಮೇಸ್ತ್ರಿಯ ಕೋಟಿನೊಳಗೇ ಇತ್ತು. ಅವನು ಅದನ್ನು ದರ್ಜಿಯ ಕೈಗೆ ಕೊಟ್ಟ. ದರ್ಜಿ ಕಟ್ಟಿದ. ಮಧ್ಯಾಹ್ನಕ್ಕೆ ಇನ್ನೂ ಎರಡು ತಾಸು ಇರುವಾಗಲೇ ಏಳು ಗಾಡಿಗಳು ಹಳ್ಳ ದಾಟಿದವು.

ಅಜ್ಜನವರು ಕತೆ ನಿಲ್ಲಿಸಿದರು. ದ್ಯಾಮಣ್ಣನ ಕೈ ಗಂಟಿನ ಮೇಲೆಯೇ ಇತ್ತು. ಅವನು ಮೆಲ್ಲಗೆ ನಕ್ಕ.

"ಆ ಮೇಸ್ತ್ರಿ ನೀವೇ ಅಂತ ನನಗೆ ಆಗಲೇ ಗೊತ್ತಾಯಿತ್ರಿ, ಅಜ್ಜಾ. ಅಷ್ಟು ಹೊಗಳಿಕೆ ಇನ್ಯಾರಿಗೆ ಸಿಕ್ಕೀತು? ಒಂದು ಹೇಳ್ರಿ. ದೀಪ ಕಾಣದೆ ಆ ತಿರುವಿನಲ್ಲಿ ಎಷ್ಟು ಹೊತ್ತು ನಿಂತಿದ್ರಿ?"

ಅಜ್ಜನವರು ಗಂಟನ್ನು ಎರಡನೆಯ ಸಲ ನೋಡಿದರು.

"ಬೆಳಿಗ್ಗೆ ನೀ ಇದನ್ನು ಕಟ್ಟಿದಾಗಿನಿಂದ ಅಲ್ಲೇ ನಿಂತಿದ್ದೇನೆ, ದ್ಯಾಮಣ್ಣಾ."