ಅಳಿಲು ಬಿಸಾಡದ ಮುಳ್ಳುಗಳು

ಎಳೆಯ ಅಳಿಲೊಂದಕ್ಕೆ ಮುಂಗುಸಿಯ ಬಳಿ ವೈದ್ಯ ಕಲಿಯುವುದೋ, ಮುದಿ ಕಾಗೆಯ ಬಳಿ ನ್ಯಾಯ ಕಲಿಯುವುದೋ ತೀರ್ಮಾನವಾಗಲಿಲ್ಲ. "ವೈದ್ಯ ಕಲಿತರೆ ನಾಲ್ಕು ಜನ ಕೈ ಮುಗಿಯುತ್ತಾರೆ" ಎಂದು ತಾಯಿ ಹಟ ಹಿಡಿದದ್ದರಿಂದ ಅದು ಮುಂಗುಸಿಯ ಬಿಲಕ್ಕೆ ಹೋಯಿತು. "ಒಂದು ತಿಂಗಳು ಇದ್ದು ನೋಡು" ಎಂದಿತು ಮುಂಗುಸಿ.

ಮೊದಲ ವಾರವೇ ಮೊಲವೊಂದು ಕುಂಟುತ್ತ ಬಂತು. ಕೆರೆಯ ದಾರಿಯಲ್ಲಿ ಮುಳ್ಳುಹಂದಿ ಅದರ ತೊಡೆಗೆ ಚುಚ್ಚಿತ್ತು. ಅಳಿಲು ಮುಳ್ಳು ಕಿತ್ತು, ಸೊಪ್ಪಿನ ರಸ ಹಿಂಡಿತು. "ನಿನ್ನ ಕೈಗುಣ ಚೆನ್ನಾಗಿದೆ" ಎಂದು ಮುಂಗುಸಿ ಮೆಚ್ಚಿತು. ಮರುವಾರವೂ ಅದೇ ಮೊಲ ಅಂಥದೇ ಹೊಸ ಗಾಯದೊಂದಿಗೆ ಬಂತು. ಅದರ ಮರುವಾರವೂ ಬಂತು.

"ಆ ದಾರಿಯಲ್ಲಿ ಯಾಕೆ ಹೋಗುತ್ತೀ?" ಎಂದು ಅಳಿಲು ಕೇಳಿತು.

"ನೀರಿಗೆ ಇರುವುದು ಅದೊಂದೇ ದಾರಿ" ಎಂದಿತು ಮೊಲ.

ಮೊಲ ಹೋದ ಮೇಲೆ ಮುಂಗುಸಿ, "ಬಂದಾಗಲೆಲ್ಲ ಕೀಳೋಣ, ನಮ್ಮ ಕೆಲಸ ಅಷ್ಟೇ. ಆ ಮುಳ್ಳು ಬಿಸಾಡು" ಎಂದಿತು.

"ಇಲ್ಲ ಗುರುಗಳೇ, ಮೊದಲಿನ ಎರಡನ್ನೂ ಪೊಟರೆಯಲ್ಲಿ ಇಟ್ಟಿದ್ದೇನೆ. ಚುಚ್ಚಿದ್ದು ತಾನಲ್ಲ ಎಂದು ಮುಳ್ಳುಹಂದಿ ಹೇಳಿಕೊಂಡು ತಿರುಗುತ್ತಿದೆ. ಆದರೆ ಮೂರಕ್ಕೂ ಅದರ ಬಿಲದ ಕೆಮ್ಮಣ್ಣು ಅಂಟಿದೆ. ಈ ಸುತ್ತಿನಲ್ಲಿ ಕೆಮ್ಮಣ್ಣು ಇರುವುದು ಅಲ್ಲಿ ಮಾತ್ರ."

"ನಿಮ್ಮಮ್ಮನಿಗೆ ನಾನು ಹೇಳುತ್ತೇನೆ. ನೀನು ಕಾಗೆಯ ಬಳಿ ಹೋಗು" ಎಂದಿತು ಮುಂಗುಸಿ.

ಅಳಿಲಿನ ಮುಖ ಬಾಡಿತು. "ಕೈಗುಣ ಚೆನ್ನಾಗಿದೆ ಎಂದಿರಲ್ಲ?"

"ಚೆನ್ನಾಗಿಯೇ ಇದೆ ಮಗು. ಆದರೆ ನಾನು ಇಷ್ಟು ವರ್ಷ ಮುಳ್ಳು ಕಿತ್ತೆ, ಒಂದನ್ನೂ ತಿರುಗಿಸಿ ನೋಡಲಿಲ್ಲ."