ಬುಟ್ಟಿಯಲ್ಲಿ ಬಂದ ಕಾಡುಕೋಳಿ

ಹಳೆಯ ಚೀನಾದಲ್ಲಿ ಅರಸನ ಮೊದಲ ಭೇಟಿಗೆ ಅಧಿಕಾರಿಯಾದವನು ಹೆಬ್ಬಾತನ್ನೂ ಪದವಿಯಿಲ್ಲದ ಪಂಡಿತನು ಕಾಡುಕೋಳಿಯನ್ನೂ ಕಾಣಿಕೆಯಾಗಿ ಒಯ್ಯಬೇಕಿತ್ತು. ಕಾಡುಕೋಳಿಯನ್ನು ಕೊಂದೇ ತರಬೇಕೆಂಬುದು ಕಟ್ಟಳೆ. ಪಂಡಿತ ರೋಂಗನಿಗೆ ಕೊಲ್ಲಲು ಕೈ ಏಳಲಿಲ್ಲ. ಜೀವಂತವಾಗಿಯೇ ತಂದು, ಬುಟ್ಟಿಯನ್ನು ಅರಮನೆಯ ಅಂಗಳದಲ್ಲಿಟ್ಟು ಒಳಗೆ ಹೋದ.

ಯಾರೋ ಅಧಿಕಾರಿ ತಂದು ಪಕ್ಕದಲ್ಲೇ ಕಟ್ಟಿದ್ದ ಹೆಬ್ಬಾತು ನಕ್ಕಿತು. "ಏನಯ್ಯಾ ಬೆಟ್ಟದವನೇ, ನಿಮ್ಮವರು ಇಲ್ಲಿಗೆ ಹೆಣವಾಗಿ ಬರುವುದಲ್ಲವೇ? ಜೀವಂತ ಬರುವವರು ನಾವು ಮಾತ್ರ!"

"ಯಾಕೆ ಹಾಗೆ?"

"ನಾವು ಸಾಲು ತಪ್ಪದೆ ಹಾರುವವರು, ಹೇಳಿದಂತೆ ಕೇಳುವವರು. ನಿಮ್ಮನ್ನು ಪಳಗಿಸಲು ಯಾರಿಂದಲೂ ಆಗಲಿಲ್ಲವಂತೆ. ಅದಕ್ಕೇ ಕೊಂದು ತರುತ್ತಾರೆ."

ಹಸಿದಿದ್ದ ಕಾಡುಕೋಳಿಯ ಕೊರಳು ತಾನಾಗಿ ನೆಟ್ಟಗಾಯಿತು. ತನ್ನ ಕುಲದ ಹಿರಿಮೆಯನ್ನು ಇಷ್ಟು ಚೆನ್ನಾಗಿ ಅದಕ್ಕೆ ಯಾರೂ ಹೇಳಿರಲಿಲ್ಲ.

ಕಾವಲುಗಾರ ಎರಡಕ್ಕೂ ಹಿಡಿ ಹಿಡಿ ನವಣೆ ಚೆಲ್ಲಿದ. "ತಿಂದರೆ ಸಾಕಲು ತೋಟಕ್ಕೆ, ತಿನ್ನದಿದ್ದರೆ ಕೊಯ್ಯಲು ಅಡುಗೆಮನೆಗೆ."

ಹೆಬ್ಬಾತು ಗಬಗಬ ತಿಂದಿತು. "ತಿನ್ನೋ ಮಾರಾಯ, ಜೀವ ಉಳಿಸಿಕೋ!"

ಕಾಡುಕೋಳಿ ಮುಖ ತಿರುಗಿಸಿತು. ಕಾವಲುಗಾರ ಚೂರಿ ಮಸೆಯತೊಡಗಿದ.

ಅಷ್ಟರಲ್ಲಿ ರೋಂಗ ಹೊರಬಂದ. "ನನ್ನ ಕಾಣಿಕೆ ಹಿಂದಕ್ಕೆ ಕೊಡಪ್ಪ. ಅರಸರು ಹೇಳಿದ್ದೇ ಧರ್ಮವೆಂದು ನಾನು ಬೋಧಿಸಿದರೆ ಮನೆ, ಗಾಡಿ ಎಲ್ಲ ಕೊಡುತ್ತಾರಂತೆ. ಆಗದೆಂದು ಹೇಳಿ ಬಂದೆ."

ಸೇವೆ ಒಪ್ಪದವನ ಕಾಣಿಕೆಯನ್ನು ಅರಮನೆ ಇಟ್ಟುಕೊಳ್ಳುವಂತಿರಲಿಲ್ಲ. ಕಾವಲುಗಾರ ಗೊಣಗುತ್ತಾ ಬುಟ್ಟಿ ತೆರೆದ. ಮುಟ್ಟದೆ ಉಳಿದ ನವಣೆಯನ್ನು ಕಂಡು ರೋಂಗ, "ನೀನೂ ತಿನ್ನಲಿಲ್ಲವೇ?" ಎಂದು ನಕ್ಕ.

ಕಾಡುಕೋಳಿ ಹಾರಿಹೋಗಬಹುದಿತ್ತು. ಹಾರಲಿಲ್ಲ. ಉದ್ದ ಬಾಲವನ್ನು ಎತ್ತಿಕೊಂಡು, ಅವನ ಸಮಕ್ಕೆ, ಅರಸರಿಗಷ್ಟೇ ಮೀಸಲಾದ ನಡುಬಾಗಿಲಿನಿಂದಲೇ ನಡೆದು ಹೊರಟಿತು.