ಹಪ್ಪಳದವಳ ಏಳಿಗೆ

ಶಿಷ್ಯ ಕೇಳಿದ: “ಗುರುಗಳೇ, ವಿಶ್ವವಿದ್ಯಾಲಯದ ವಾಣಿಜ್ಯ ಶಾಲೆಯಿಂದ ನಾಳೆ ನಮ್ಮನ್ನು ಬಡವರ ಸೇವೆಗೆ ಕಳಿಸುತ್ತಾರೆ. ಅವರಿಗೆ ನೆರವು, ನಮಗೆ ಅನುಭವ. ಇದರಲ್ಲಿ ಕೆಡುಕೇನಾದರೂ ಉಂಟೇ?”

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸು ಇದ್ದಳು. ಛತ್ರದಲ್ಲಿ ಅಡುಗೆ ಮಾಡುತ್ತಿದ್ದಳು. ಬಿಡುವಾದಾಗ ಉದ್ದಿನ ಹಪ್ಪಳ ಲಟ್ಟಿಸಿ ನೆರೆಹೊರೆಗೆ ಮಾರುತ್ತಿದ್ದಳು.

ಒಮ್ಮೆ ವಾಣಿಜ್ಯ ಶಾಲೆಯ ಹುಡುಗರು ಬಂದರು. ಅವಳ ವ್ಯಾಪಾರ ಬೆಳೆಸುವುದೇ ಅವರ ಪಾಠ. ಎಷ್ಟು ಬೆಳೆದರೆ ಅಷ್ಟು ಅಂಕ. ಹಪ್ಪಳಕ್ಕೆ ಹೆಸರಿಟ್ಟರು. ಪೊಟ್ಟಣದ ಮೇಲೆ ಅವಳ ನಗುಮುಖ ಅಚ್ಚು ಹಾಕಿಸಿದರು. ಅವಳು ಎಂದೂ ಫೋಟೋಕ್ಕೆ ನಕ್ಕವಳಲ್ಲ. ನಗುವುದನ್ನೂ ಅವರೇ ಹೇಳಿಕೊಟ್ಟರು.

ಹಪ್ಪಳ ಮಾತ್ರ ಪೇಟೆಯಲ್ಲಿ ಖರ್ಚಾಗಲಿಲ್ಲ. ಪರೀಕ್ಷೆ ಹತ್ತಿರ ಬಂತು. ಅದೇ ಶಾಲೆಯ ಇನ್ನೊಂದು ತಂಡ, ಬುಟ್ಟಿ ಹೆಣೆಯುವ ಮುದುಕನೊಬ್ಬನನ್ನು ಉದ್ಧಾರ ಮಾಡಲು ಹೋಗಿ ಹೀಗೇ ಕೈಚೆಲ್ಲಿ ಕೂತಿತ್ತು. ಎರಡೂ ತಂಡದವರು ಮಾತಾಡಿಕೊಂಡರು: ನಿಮ್ಮ ಬುಟ್ಟಿ ನಾವು ಕೊಳ್ಳುತ್ತೇವೆ, ನಮ್ಮ ಹಪ್ಪಳ ನೀವು ಕೊಳ್ಳಿ. ಅಲ್ಲಿಂದ ಮುಂದೆ ಹಪ್ಪಳ ಒಣಗುವುದೇ ತಡ, ಖಾಲಿ.

ಹೆಂಗಸಿಗೆ ಈ ಒಪ್ಪಂದ ಗೊತ್ತಿಲ್ಲ. ಊರಿಗೆಲ್ಲ ತನ್ನ ಕೈರುಚಿ ಹಿಡಿಸಿತು ಎಂದುಕೊಂಡಳು. ತಂಡದ ಮುಂದಾಳನ್ನು ಕರೆದು ಕೇಳಿದಳು:

“ಏನಪ್ಪಾ, ಎರಡನ್ನೂ ತೂಗಿಸೋಕೆ ಆಗ್ತಿಲ್ಲ. ಛತ್ರದ ಕೆಲಸ ಬಿಟ್ಟುಬಿಡಲಾ?”

“ಬಿಡಿ ಅಮ್ಮಾ! ಇನ್ನೆಷ್ಟು ದಿನ ಊರವರ ಸಾರಿಗೆ ಒಗ್ಗರಣೆ ಹಾಕ್ತೀರಿ? ನೀವೀಗ ಉದ್ಯಮಿ.”

ಕೂಲಿ ಬಿಟ್ಟು ಸ್ವಂತ ಕಾಲ ಮೇಲೆ ನಿಂತವಳ ಕತೆಗೆ ಅಂಕ ಹೆಚ್ಚು. ಅದು ಅವನಿಗೆ ಗೊತ್ತಿತ್ತು. ಉದ್ಯಮಿ ಎಂದರೇನೆಂದು ಅವಳಿಗೆ ಗೊತ್ತಾಗಲಿಲ್ಲ. ಕೇಳಿ ಖುಷಿಯಂತೂ ಆಯಿತು. ಕೆಲಸ ಬಿಟ್ಟಳು.

ಪರೀಕ್ಷೆ ಮುಗಿಯಿತು. ಹುಡುಗರು ಮೊದಲ ದರ್ಜೆಯಲ್ಲಿ ತೇರ್ಗಡೆಯಾದರು. ಹಪ್ಪಳಕ್ಕೆ ಗಿರಾಕಿ ಇಲ್ಲವಾಯಿತು. ಅವಳು ಬೇರೆ ಉದ್ದು ತಂದು ನೋಡಿದಳು. ಇಂಗು ಹೆಚ್ಚು ಹಾಕಿ ನೋಡಿದಳು. ಕೊನೆಗೆ ಛತ್ರದ ಬಾಗಿಲಿಗೆ ಹೋದಳು. ಅಲ್ಲಿ ಸೌಟು ಇನ್ನೊಬ್ಬಳ ಕೈ ಸೇರಿತ್ತು. ಪಾತ್ರೆ ತಿಕ್ಕುವ ಕೆಲಸ ಸಿಕ್ಕಿತು.

ಮರುವರ್ಷ ಹೊಸ ಹುಡುಗರು ಅವಳನ್ನು ಹುಡುಕಿಕೊಂಡು ಬಂದರು. ಮುಳುಗಿದ ವ್ಯಾಪಾರಗಳ ಅಧ್ಯಯನ ಅವರ ಪಾಠ.

“ಎಲ್ಲಿ ಎಡವಿದಿರಿ ಅಮ್ಮಾ?” ಎಂದು ಕೇಳಿದರು.

ಅವಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. “ನನ್ನ ಕೈರುಚಿಯೇ ಕೆಟ್ಟುಹೋಯ್ತು ಕಣಪ್ಪಾ. ಎಷ್ಟು ಜನ ತಿಂತಿದ್ರು! ಒಬ್ಬರೂ ತಿರುಗಿ ಬರಲಿಲ್ಲ,” ಎಂದಳು.

ಹುಡುಗರು ಅದನ್ನೇ ಬರೆದು ಒಪ್ಪಿಸಿದರು. ಅವರಿಗೂ ಒಳ್ಳೆಯ ಅಂಕ ಬಂತು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಕೇಳಿದ: “ಹಪ್ಪಳದ ರುಚಿ ನಿಜಕ್ಕೂ ಕೆಟ್ಟಿತ್ತೇ?”

ಗುರುಗಳು ಹೇಳಿದರು: “ಆಗ ಕೊಂಡವರೆಲ್ಲ ಆ ಇನ್ನೊಂದು ತಂಡದವರು, ಹಾಸ್ಟೆಲಿನ ಹುಡುಗರು; ಕರಿದು ನೋಡಲು ಅವರಲ್ಲಿ ಒಬ್ಬನ ಹತ್ತಿರವೂ ಒಲೆ ಇರಲಿಲ್ಲ.”